ಯಾರೂ ಒಡೆಯದ ಬೀಗ

ಅವಳನ್ನು ಎಲ್ಲರೂ ಕಾಲಕ್ಕ ಎಂದೇ ಕರೆಯುತ್ತಿದ್ದರು. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವುದು ಅವಳ ಕೆಲಸ. ಮೊದಲ ಹತ್ತು ವರ್ಷ ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ದುಡಿದಳು. ಅಲ್ಲಿಗೆ ಬರುವವರು ಎರಡು ಬಸ್ಸು ಬದಲಾಯಿಸಿ, ಊರುಗೋಲು ಊರಿಕೊಂಡು, ಹದಿನೆಂಟು ಮೆಟ್ಟಿಲು ಇಳಿಯಬೇಕಿತ್ತು. ಹಾಗೆ ಇಳಿಯುವಾಗ ಒಬ್ಬ ಮುದುಕ ಜಾರಿಬಿದ್ದು, ಇದ್ದ ಇನ್ನೊಂದು ಕಾಲನ್ನೂ ಮುರಿದುಕೊಂಡ. ಅವತ್ತು ಅವಳು ನೇರವಾಗಿ ಮೇಲಧಿಕಾರಿಯ ಕೋಣೆಗೆ ಹೋಗಿ, "ಕಾಲಿಲ್ಲದವರು ನಮ್ಮ ಹತ್ರ ಬರೋದಲ್ಲ ಸಾರ್, ಕಾಲಿರೋ ನಾವು ಅವರ ಹತ್ರ ಹೋಗಬೇಕು" ಎಂದಳು. ಮೇಲಧಿಕಾರಿ ಕನ್ನಡಕ ಒರೆಸಿಕೊಳ್ಳುತ್ತ, "ಹೋಗಮ್ಮ, ಬೇಡ ಅಂದೋರು ಯಾರು?" ಎಂದರು. ತಮಾಷೆಗೆ ಅಂದಿದ್ದರೋ ಏನೋ. ಅವಳು ನಿಜವಾಗಿಯೂ ಹೋದಳು.

ಹೋಗುವುದಕ್ಕೆ ಗಾಡಿ ಬೇಕಿತ್ತು. ಐಸ್‌ಕ್ರೀಂ ಮಾರುತ್ತಿದ್ದವನೊಬ್ಬ ವ್ಯಾಪಾರ ಬಿಟ್ಟು ಮೂಲೆಗೆ ತಳ್ಳಿದ್ದ ಟ್ರೇಲರ್ ಒಂದು ಸಿಕ್ಕಿತು. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯುವಂಥದ್ದು. ಸುತ್ತ ತಗಡಿನ ಗೋಡೆ, ಮೇಲೆ ಸೂರು, ಹಿಂದೆ ಜೋಡಿ ಬಾಗಿಲು. ಅವಳ ತಮ್ಮ ತಿಂಗಳುಗಟ್ಟಲೆ ಕೂತು ಅದನ್ನು ಉಜ್ಜಿ, ಬಣ್ಣ ಬಳಿದು, ಒಳಗೆ ಮೇಜು, ಕಪಾಟು, ಪ್ಲಾಸ್ಟಿಕ್ ಹಾಳೆ ಕಾಯಿಸಿ ಮೆದುವಾಗಿಸುವ ಸಣ್ಣ ಒಲೆಪೆಟ್ಟಿಗೆ ಎಲ್ಲ ಕೂರಿಸಿದ. ಎಷ್ಟು ಬಣ್ಣ ಬಳಿದರೂ ಹಳೆಯ ಐಸ್‌ಕ್ರೀಂ ಚಿತ್ರ ಮಸುಕುಮಸುಕಾಗಿ ಕಾಣುತ್ತಲೇ ಇತ್ತು. ಹೊಸ ಬೀದಿಗೆ ಹೋದಾಗಲೆಲ್ಲ ಮಕ್ಕಳು ಓಡಿ ಬರುವುದು, ಬಾಗಿಲು ತೆರೆದಾಗ ಗೋಡೆಗೆ ಸಾಲಾಗಿ ನೇತುಹಾಕಿದ ಕಾಲುಗಳನ್ನು ನೋಡಿ ಕಿರುಚಿಕೊಂಡು ಓಡುವುದು, ಆಮೇಲೆ ಒಬ್ಬೊಬ್ಬರಾಗಿ ಮೆಲ್ಲಗೆ ವಾಪಸ್ ಬಂದು ಇಣುಕುವುದು ಮಾಮೂಲಾಗಿತ್ತು.

ತಮ್ಮ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ನಲವತ್ತು ದಾಟಿದ್ದರೂ ಅಮ್ಮನ ಬಾಯಲ್ಲೂ ಅಕ್ಕನ ಬಾಯಲ್ಲೂ ಅವನು ಪುಟ್ಟ. ಅಪ್ಪ ಬೇಗ ತೀರಿಹೋಗಿ, ಅಮ್ಮ ಬಟ್ಟೆ ಗಿರಣಿಯಲ್ಲಿ ಎರಡು ಪಾಳಿ ದುಡಿಯುತ್ತಿದ್ದ ಕಾಲದಲ್ಲಿ ಅವನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಶಾಲೆಗೆ ಬಿಟ್ಟು ಬಂದವಳು ಅಕ್ಕನೇ. ಅವಳು ಮದುವೆಯಾಗಲಿಲ್ಲ. ಅವನಿಗೂ ಕಂಕಣ ಕೂಡಿಬರಲಿಲ್ಲ. ಮೂವರೂ ಒಂದೇ ಮನೆಯಲ್ಲಿ, ಒಬ್ಬರ ಮಾತನ್ನು ಇನ್ನೊಬ್ಬರು ಅರ್ಧದಲ್ಲೇ ಹಿಡಿದುಕೊಂಡು ಬದುಕಿದ್ದರು.

ಹದಿನಾರು ವರ್ಷ ಜೀಪು ಓಡಿಸಿದವನು ಅವನು. ಗಾಡಿ ನಿಲ್ಲಿಸಿ ನಾಲ್ಕು ಮೂಲೆಗೆ ಆನಿಕೆ ಕೊಟ್ಟು, ಕರೆಂಟಿನ ತಂತಿ ಎಳೆದು, ಬಕೆಟ್ಟಿನಲ್ಲಿ ನೀರು ತಂದಿಡುವಷ್ಟರಲ್ಲಿ ಅವಳು ಕೆಲಸಕ್ಕೆ ಕೂತಿರುತ್ತಿದ್ದಳು. ಉಳಿದಿರುವ ಮೊಂಡುಗಾಲಿಗೆ ತೆಳ್ಳಗಿನ ಕಾಲುಚೀಲ ತೊಡಿಸಿ, ಅದರ ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಎರಡೂ ಅಂಗೈಯಲ್ಲಿ ಹಿಡಿದು ಅದು ಗಟ್ಟಿಯಾಗುವವರೆಗೂ ಅಲ್ಲಾಡದೆ ಕೂರುತ್ತಿದ್ದಳು. ಆ ಐದು ನಿಮಿಷದಲ್ಲಿ ಜನ ಅವಳ ಹತ್ತಿರ ಏನೇನನ್ನೋ ಹೇಳಿಕೊಳ್ಳುತ್ತಿದ್ದರು. ಪಟ್ಟಿಯನ್ನು ಕಳಚಿ, ಆ ಟೊಳ್ಳಿಗೆ ಗಾರೆ ಹೊಯ್ದರೆ ಅವರವರ ಕಾಲಿನದೇ ಅಚ್ಚು ಬರುತ್ತಿತ್ತು, ಅದರ ಅಳತೆಗೇ ಕೃತಕ ಕಾಲು ರೂಪುಗೊಳ್ಳುತ್ತಿತ್ತು. ಪ್ರತಿ ಅಚ್ಚಿನ ಮೇಲೂ ಪೆನ್ಸಿಲಿನಲ್ಲಿ ಹೆಸರು, ತಾರೀಕು. ಅವುಗಳಿಗಾಗಿಯೇ ಕಪಾಟಿನಲ್ಲಿ ಮೂರು ಸಾಲು.

ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ಹಿಂಬಾಗಿಲಿನ ಚಿಲಕ ಮೀಟಿ, ಉಜ್ಜುವ ಮೆಷಿನ್ನನ್ನೂ ಡ್ರಿಲ್ಲನ್ನೂ ಎತ್ತಿಕೊಂಡು ಹೋಗಿದ್ದರು. ದೊಡ್ಡ ನಷ್ಟವೇನಲ್ಲ. ಆದರೆ ಮೂರು ಅಚ್ಚುಗಳು ನೆಲಕ್ಕೆ ಬಿದ್ದು ಚೂರಾಗಿದ್ದವು. ಅವಳು ಆ ಚೂರುಗಳನ್ನು ಎತ್ತಿ ಹೆಸರು ಓದಲು ನೋಡಿದಳು. ಅವತ್ತು ರಾತ್ರಿ ಅವಳಿಗೆ ಊಟ ಸೇರಲಿಲ್ಲ.

"ಗಾಡಿಗೆ ಸರಿಯಾಗಿ ಬಂದೋಬಸ್ತು ಮಾಡಿಬಿಡೋಣ ಕಣೋ ಪುಟ್ಟ" ಎಂದಳು.

ಮಾರುಕಟ್ಟೆಯ ಹಿಂದೆ ಬೀಗ ರಿಪೇರಿ ಮಾಡುವ ಮುದುಕನೊಬ್ಬನಿದ್ದ. ಅವನನ್ನು ಕರೆದುಕೊಂಡು ಬಂದರು. ಅವನು ಟ್ರೇಲರ್ ಸುತ್ತ ಎರಡು ಸುತ್ತು ಹಾಕಿ, ಕೆಳಗೆ ಬಗ್ಗಿ, ಕೊಂಡಿಯನ್ನು ಎತ್ತಿ ಇಳಿಸಿ, ಮದುವೆಗೆ ಹೆಣ್ಣು ನೋಡಲು ಬಂದವನಂತೆ ತಲೆ ಆಡಿಸಿದ.

"ನೋಡಮ್ಮ, ಕಳ್ಳನಿಗೆ ಇದು ಎರಡು ನಿಮಿಷದ ಕೆಲಸ. ಒಳಗಿರೋದನ್ನ ಕದಿಯೋದೂ ಬೇಡ, ಕೊಂಡಿ ಸಿಗಿಸ್ಕೊಂಡು ಇಡೀ ಗಾಡಿನೇ ಎಳ್ಕೊಂಡು ಹೋಗ್ತಾನೆ. ಕಳ್ಳ ಬರೋದೇ ಇಲ್ಲ ಅನ್ನೋ ಬೀಗ ನನ್ನ ಹತ್ರ ಇಲ್ಲ. ನನ್ನ ಹತ್ರ ಇರೋದು ಎರಡು ನಿಮಿಷದ ಕೆಲಸನ ಅರ್ಧ ಗಂಟೆ ಮಾಡೋ ಬೀಗ. ಅರ್ಧ ಗಂಟೆ ಬೀದೀಲಿ ಕೂತು ಬೆವರು ಸುರಿಸೋ ಹಂಗಿದ್ರೆ ಅವನು ಯಾಕೆ ಕಳ್ಳ ಆಗ್ತಿದ್ದ, ನಮ್ಮ ಥರ ಕೂಲಿಗೆ ಹೋಗ್ತಿದ್ದ."

ಅವನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದರು. ಹಿಂಬಾಗಿಲಿಗೆ ಕತ್ತರಿಗೆ ಸಿಗದ ದುಂಡು ಬೀಗ. ಬಾಗಿಲಿನ ಕೀಲುಗಳಿಗೆ ಹೊರಗಿನಿಂದ ಬಿಚ್ಚಲಾಗದ ಮೊಳೆ. ಕೊಂಡಿಯ ಬಾಯಿಗೆ ಉಕ್ಕಿನ ಮುಚ್ಚಳ. ಚಕ್ರಕ್ಕೆ ಹಳದಿ ಬಣ್ಣದ ಅಡ್ಡಬೀಗ. ಪ್ರತಿ ಸಲಕರಣೆಯ ಹಿಡಿಯ ಮೇಲೂ ಕೊರೆದ ಗುರುತು. ನಿಲ್ಲಿಸುವಾಗ ಹಿಂಬಾಗಿಲು ಹಿತ್ತಲಿನ ಗೋಡೆಗೆ ಒತ್ತಿಕೊಂಡಿರಬೇಕು, ಬಾಗಿಲು ತೆರೆಯಲು ಜಾಗವೇ ಇರಬಾರದು. ತಮ್ಮ ತನ್ನ ಕಡೆಯಿಂದ ಇನ್ನೊಂದು ಸೇರಿಸಿದ: ಗಾಡಿ ಎಲ್ಲಿದೆ ಎಂದು ಫೋನಿಗೆ ತೋರಿಸುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಜಿಪಿಎಸ್ ಪೆಟ್ಟಿಗೆ. ನೆಲದ ಹಲಗೆಯ ಕೆಳಗೆ ಅದನ್ನು ಅವಿಸಿಟ್ಟ. ಇಪ್ಪತ್ತು ದಿನಕ್ಕೊಮ್ಮೆ ಹೊರತೆಗೆದು ಚಾರ್ಜು ಹಾಕಬೇಕಿತ್ತು, ಅಷ್ಟೇ.

ಎಲ್ಲ ಮುಗಿದ ಮೇಲೆ ಬೀಗದ ಮುದುಕ ಎರಡು ಗೊಂಚಲು ಕೀ ಅವಳ ಕೈಗಿಟ್ಟ. "ಇವು ಯಾರ್ಯಾರ ಹತ್ರ ಇರುತ್ತೆ?"

"ಒಂದು ನನ್ನ ಚೀಲದಲ್ಲಿ. ಇನ್ನೊಂದು ಇವನ ಹತ್ರ."

"ಮನೆಯವರೇ ತಾನೆ? ಹಂಗಾದ್ರೆ ನೆಮ್ಮದಿಯಾಗಿ ನಿದ್ದೆ ಮಾಡಿ" ಎಂದು ಅವನು ಸಲಕರಣೆ ಚೀಲ ಹೆಗಲಿಗೇರಿಸಿದ. ತಮ್ಮ ತನ್ನ ಗೊಂಚಲನ್ನು ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ. ಜೀಪಿನ ಕೀಯೂ ಅಲ್ಲೇ ಇರುತ್ತಿತ್ತು.

ಎರಡು ವರ್ಷ ಒಂದು ಸ್ಕ್ರೂ ಕೂಡ ಕಳವಾಗಲಿಲ್ಲ.

ಆ ಎರಡು ವರ್ಷದಲ್ಲಿ ತಮ್ಮನ ಮನಸ್ಸು ಮಾತ್ರ ಎಲ್ಲೋ ಸಡಿಲವಾಯಿತು. ಒಂದು ಖಾಸಗಿ ಶಾಲೆಯವರು ಬಸ್ಸು ಓಡಿಸಲು ಕರೆದಿದ್ದರು. ಬೆಳಗ್ಗೆ ಮಕ್ಕಳನ್ನು ಬಿಟ್ಟು, ಸಾಯಂಕಾಲ ಕರೆತಂದರೆ ಮುಗಿಯಿತು. ಒಂದು ಭಾನುವಾರ ಗಾಡಿ ತೊಳೆಯುತ್ತಿದ್ದಾಗ ಅವನು ಆ ವಿಷಯ ಎತ್ತಿದ.

"ಈಗೇನು, ಕಾಲು ಮಾಡೋ ಕೆಲಸ ಸಾಕಾಯ್ತಾ ನಿಂಗೆ?" ಎಂದಳು ಅವಳು.

"ಕಾಲು ಮಾಡೋಳು ನೀನು. ನಾನು ಎಳೆಯೋನು. ಹದಿನಾರು ವರ್ಷ ಆಯ್ತು, ಎಲ್ಲಿಗೆ ಹೋದ್ರೂ ಕಾಲಕ್ಕನ ತಮ್ಮ ಬಂದ ಅಂತಾರೆ. ನನಗೂ ಒಂದು ಕೆಲಸ ಅಂತ ಬೇಡ್ವಾ ಅಕ್ಕ?"

"ಹೋಗಪ್ಪ, ಹೋಗು. ನಿನ್ನನ್ನ ಇಲ್ಲಿ ಕಟ್ಟಿಹಾಕಿದಾರಾ?"

"ಈ ಡಬ್ಬಿ ಇರೋವರೆಗೂ ಕಟ್ಟಿಹಾಕಿದಂಗೇ. ಇದೊಂದು ಇಲ್ದೇ ಹೋಗಿದ್ರೆ ನಾವಿಬ್ರೂ ಮನುಷ್ಯರ ಥರ ಇರ್ತಿದ್ವಿ" ಎಂದು ಅವನು ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದ. ಸಿಟ್ಟಿನಲ್ಲಿ ಆಡಿದ ಮಾತು. ಸಾಯಂಕಾಲದ ಹೊತ್ತಿಗೆ ಇಬ್ಬರೂ ಮಾಮೂಲಾಗಿದ್ದರು. ಆದರೆ ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಕೊಂಡಿತು.

ಅದಾದ ಹತ್ತನೇ ದಿನ ಟ್ರೇಲರ್ ಹೋಯಿತು.

ಅವತ್ತು ಒಳಗೆ ಹನ್ನೊಂದು ಜನರ ಕಾಲುಗಳು ಪೂರ್ತಿ ಸಿದ್ಧವಾಗಿದ್ದವು. ಅದರಲ್ಲಿ ಒಂದು ದರ್ಜಿಯೊಬ್ಬನದು. ಹೊಲಿಗೆ ಯಂತ್ರ ತುಳಿಯುವುದಕ್ಕೆಂದೇ ಪಾದವನ್ನು ಮುಂದಕ್ಕೆ ಚೂರು ಇಳಿಜಾರಾಗಿ ಕೂರಿಸಿ, ಮೂರು ಸಲ ಬಿಚ್ಚಿ ಕಟ್ಟಿದ್ದಳು. ಮರುದಿನ ಎಲ್ಲರಿಗೂ ತೊಡಿಸುವುದಿತ್ತು. ಬೆಳಗ್ಗೆ ಅವಳು ಆಸ್ಪತ್ರೆಯ ಡಾಕ್ಟರನ್ನು ನೋಡಲು ಬಸ್ಸಿನಲ್ಲಿ ಹೋದಳು. ತಮ್ಮ ಎಣ್ಣೆ ಬದಲಾಯಿಸಲು ಜೀಪು ತೆಗೆದುಕೊಂಡು ಗ್ಯಾರೇಜಿಗೆ ಹೋದ. ಮನೆಯಲ್ಲಿ ಇದ್ದವಳು ಅಮ್ಮ ಒಬ್ಬಳೇ. ಎಪ್ಪತ್ತೆಂಟು ವರ್ಷ. ಈಚೆಗೆ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದಳು. ವಯಸ್ಸಾಯಿತಲ್ಲ ಎಂದು ಮಕ್ಕಳಿಬ್ಬರೂ ನಕ್ಕು ಸುಮ್ಮನಾಗುತ್ತಿದ್ದರು.

ಮೂರು ಗಂಟೆಗೆ ಅವಳು ವಾಪಸ್ ಬಂದಾಗ ಹಿತ್ತಲು ಬೋಳಾಗಿತ್ತು. ಗೋಡೆಯ ಮೇಲೆ ಟ್ರೇಲರ್ ಒತ್ತಿ ನಿಂತಿದ್ದ ಗುರುತು. ನೆಲದ ಮೇಲೆ ಹಳದಿ ಅಡ್ಡಬೀಗ ಮತ್ತು ಕೊಂಡಿಯ ಉಕ್ಕಿನ ಮುಚ್ಚಳ ಒಂದರ ಪಕ್ಕ ಒಂದು, ಜೋಡಿಸಿಟ್ಟಂತೆ ಇದ್ದವು. ಯಾವುದೂ ಒಡೆದಿರಲಿಲ್ಲ. ಕೀ ಹಾಕಿ ತೆರೆದು, ನಿಧಾನವಾಗಿ ಕೆಳಗಿಟ್ಟಿದ್ದರು.

ಅವಳು ಒಳಗೆ ಓಡಿದಳು. ಅಮ್ಮ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದಳು.

"ಅಮ್ಮಾ, ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲಮ್ಮ. ಯಾರು ಬರ್ತಾರೆ ನಮ್ಮನೆಗೆ?"

ಅಡುಗೆಮನೆ ಬಾಗಿಲ ಹಿಂದೆ ತಮ್ಮನ ಕೀಗೊಂಚಲು ಮೊಳೆಯಲ್ಲಿ ಎಂದಿನಂತೆ ತೂಗುತ್ತಿತ್ತು. ಅವಳ ಗೊಂಚಲು ಅವಳ ಚೀಲದಲ್ಲೇ ಇತ್ತು. ಫೋನಿನಲ್ಲಿ ಗಾಡಿ ಎಲ್ಲಿದೆ ಎಂದು ನೋಡಿದಳು. ಗಾಡಿ ಮನೆಯಲ್ಲೇ ಇದೆ ಎಂದು ತೋರಿಸುತ್ತಿತ್ತು. ತಮ್ಮನ ಕೋಣೆಗೆ ಹೋದರೆ, ಬೆಂಕಿಪೊಟ್ಟಣದಂಥ ಆ ಪೆಟ್ಟಿಗೆ ಅವನ ಹಾಸಿಗೆಯ ಪಕ್ಕ ಚಾರ್ಜಿಗೆ ಹಾಕಿಕೊಂಡು ಮಿನುಗುತ್ತಿತ್ತು.

ಅವಳು ಆ ಹಾಸಿಗೆಯ ಮೇಲೆ ಕೂತಳು. ಹತ್ತು ದಿನದ ಹಿಂದಿನ ಆ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು.

ತಮ್ಮ ನಾಲ್ಕೂವರೆಗೆ ಬಂದ. ಹಿತ್ತಲನ್ನು ನೋಡಿ, ಕೈಯಲ್ಲಿದ್ದ ಎಣ್ಣೆ ಡಬ್ಬಿಯನ್ನು ಕೆಳಗಿಟ್ಟು, "ಅಕ್ಕಾ, ಗಾಡಿ ಎಲ್ಲಿ?" ಎಂದು ಕೂಗಿದ.

ಅವಳು ಬಾಗಿಲಲ್ಲಿ ನಿಂತು, "ಅದನ್ನ ನೀನು ಹೇಳು. ಎಲ್ಲಿಗೆ ಸಾಗಿಸಿದೆ?" ಎಂದಳು.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮುಖದಲ್ಲಿ ಒಂದು ಥರದ ನಗು ಬಂದು ಹೋಯಿತು, ತಮಾಷೆಯಿರಬೇಕು ಎಂಬ ಹಾಗೆ. "ಏನಂತಿದೀಯ ಅಕ್ಕ? ನಾನಾ?"

"ಇವತ್ತೇ ಆ ಪೆಟ್ಟಿಗೆ ಚಾರ್ಜಿಗೆ ಹಾಕಬೇಕಿತ್ತಾ? ಬೀಗ ಒಡೆದಿಲ್ಲ. ಕೀ ಮೊಳೆ ಮೇಲಿದೆ. ಇದು ಇಲ್ದೇ ಹೋಗಿದ್ರೆ ಚೆನ್ನಾಗಿರೋದು ಅಂದೋನು ನೀನು. ಈಗ ಇಲ್ಲ ನೋಡು, ಆಯ್ತಾ ಸಮಾಧಾನ? ಹನ್ನೊಂದು ಜನ ನಾಳೆ ಕಾಯ್ತಿರ್ತಾರೆ ಕಣೋ. ಅವರ ಮುಖ ನೆನಪಾಗ್ಲಿಲ್ವಾ ನಿಂಗೆ?"

"ನಾನಲ್ಲ ಅಕ್ಕ."

"ಮತ್ಯಾರು? ಅಮ್ಮನಾ?"

ಅವನು ಒಂದು ಸಲ ಅಮ್ಮನ ಕಡೆ ನೋಡಿದ. ಕೂಗಾಟಕ್ಕೆ ಹೆದರಿ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನಾನಲ್ಲ" ಎಂದು ಅವನು ಇನ್ನೊಂದು ಸಲ ಹೇಳಿದ.

ಅವಳು ಪೊಲೀಸರಿಗೆ ದೂರು ಕೊಟ್ಟಳು. "ಯಾರ ಮೇಲಾದ್ರೂ ಅನುಮಾನ ಇದೆಯಾ?" ಎಂದು ಇನ್ಸ್‌ಪೆಕ್ಟರ್ ಕೇಳಿದಾಗ, "ಇಲ್ಲ, ಬೀಗ ಹಾಕೋದು ಮರೆತಿದ್ದೆ" ಎಂದು ಸುಳ್ಳು ಹೇಳಿದಳು. ತಮ್ಮನ ಹೆಸರು ಹೇಳದೆ ಬಂದೆನಲ್ಲ ಎಂಬುದೇ ಅವಳಿಗೆ ತನ್ನ ದೊಡ್ಡತನವಾಗಿ ಕಂಡಿತು. ಆ ದೊಡ್ಡತನವನ್ನು ಎದೆಗೆ ಕಟ್ಟಿಕೊಂಡು ಅವನೊಡನೆ ಮಾತು ಬಿಟ್ಟಳು.

ಮೂರನೇ ದಿನ ಅವನು ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಹೊರಟ. ಶಾಲೆಯ ಬಸ್ಸಿನ ಕೆಲಸಕ್ಕೆ ಸೇರಿದ್ದ. ಬಸ್ಸುಗಳು ನಿಲ್ಲುವ ಶೆಡ್ಡಿನ ಹಿಂದೆ ಒಂದು ಕೋಣೆಯನ್ನೂ ಕೊಟ್ಟಿದ್ದರು. ಅಮ್ಮ ಬಾಗಿಲವರೆಗೂ ಬಂದು, "ಊಟಕ್ಕೆ ಬಂದ್ಬಿಡ್ತೀಯ ತಾನೆ?" ಎಂದಳು. "ಬರ್ತೀನಮ್ಮ" ಎಂದ.

ಹನ್ನೊಂದು ಜನರ ಮನೆಗೂ ಅವಳು ಒಬ್ಬಳೇ ಹೋಗಿ ತಿಳಿಸಿದಳು. ಹೆಚ್ಚಿನವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವಳಿಗೆ ಕಷ್ಟವಾಯಿತು. ದರ್ಜಿ ಮಾತ್ರ, "ಅಳತೆ ತಾನೆ, ಇನ್ನೊಂದ್ಸಲ ತಗೊಂಡ್ರಾಯ್ತು. ನಾನು ಜೀವಮಾನವೆಲ್ಲ ಮಾಡಿದ್ದೂ ಅದನ್ನೇ" ಎಂದು ತನ್ನ ಅಂಗಡಿಯ ಹಿಂದಿನ ಕೋಣೆಯನ್ನು ಅವಳ ಕೆಲಸಕ್ಕೆ ಬಿಟ್ಟುಕೊಟ್ಟ. ಆಸ್ಪತ್ರೆಯವರು ಹಳೆಯದೊಂದು ಒಲೆಪೆಟ್ಟಿಗೆ ಕೊಟ್ಟರು. ಕಾಲು ಮಾಡುವುದು ಮತ್ತೆ ಶುರುವಾಯಿತು. ಆದರೆ ಈಗ ಮತ್ತೆ ಜನರೇ ಅವಳನ್ನು ಹುಡುಕಿಕೊಂಡು ಬರಬೇಕಿತ್ತು.

ಹೋದ ಮೇಲೂ ತಮ್ಮನ ಹತ್ತಿರ ಮನೆಯ ಕೀ ಒಂದಿತ್ತು. ಅವಳಿಲ್ಲದ ಹೊತ್ತಿನಲ್ಲಿ ಅವನು ಬಂದು ಅಮ್ಮನ ಜೊತೆ ಕೂತು ಹೋಗುತ್ತಾನೆ ಎಂದು ಪಕ್ಕದ ಮನೆಯಾಕೆ ಹೇಳಿದ ದಿನವೇ ಅವಳು ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದಳು. ಅಮ್ಮ ಕೈಗೆ ಕೊಟ್ಟದ್ದನ್ನೆಲ್ಲ ಎಲ್ಲೆಲ್ಲೋ ಇಟ್ಟು ಮರೆಯುತ್ತಿದ್ದುದರಿಂದ ಅಮ್ಮನಿಗೆ ಕೀ ಕೊಡಲಿಲ್ಲ. ಬೆಳಗ್ಗೆ ಊಟ ಮುಚ್ಚಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದಳು.

ಕೆಲವು ದಿನ ಕಳೆದು ಪಕ್ಕದ ಮನೆಯಾಕೆ ಮತ್ತೆ ಕರೆದಳು. "ನನ್ನ ಮಾತಿಗೆ ಬೇಜಾರು ಮಾಡ್ಕೋಬೇಡಿ. ನಿಮ್ಮ ತಮ್ಮ ದಿನಾ ಹನ್ನೊಂದು ಗಂಟೆಗೆ ಬರ್ತಾರೆ. ಹಿತ್ತಲ ಕಿಟಕಿ ಹತ್ರ ಬಕೆಟ್ಟು ಬೋರಲು ಹಾಕ್ಕೊಂಡು ಕೂತ್ಕೋತಾರೆ. ನಿಮ್ಮಮ್ಮ ಒಳಗಿಂದ ಸರಳಿನೊಳಗೆ ಕೈ ಹಾಕಿ ಅವರ ತಲೆ ಸವರ್ತಾ ಇರ್ತಾರೆ. ಬಿಸಿಲಲ್ಲಿ ಕೂತಿರ್ತಾರೆ ಪಾಪ. ನೋಡೋಕೆ ಆಗಲ್ಲ."

"ಕೂತ್ಕೊಳ್ಳಲಿ. ನಾನೇನು ಬರಬೇಡ ಅಂದಿಲ್ವಲ್ಲ" ಎಂದಳು ಅವಳು. ಮನೆಗೆ ಬಂದು ಕಿಟಕಿಯ ಹತ್ತಿರ ನಿಂತಳು. ಬಕೆಟ್ಟು ಅಲ್ಲೇ ಬೋರಲು ಬಿದ್ದಿತ್ತು. ಬೀಗ ತೆಗೆಸುವ ಯೋಚನೆ ಅವಳಿಗೆ ಆ ಕ್ಷಣದಲ್ಲಿ ಬಂದದ್ದು ನಿಜ. 'ಮೊದಲು ಅವನು ತಪ್ಪೊಪ್ಪಿಕೊಳ್ಳಲಿ' ಎಂದುಕೊಂಡು ಅಡುಗೆಗೆ ಹೋದಳು.

ಅಮ್ಮನ ಮರೆವು ಬೇಗಬೇಗ ಹೆಚ್ಚಿತು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಕಡೆಕಡೆಗೆ ಮಗಳನ್ನು ತನ್ನ ಅಕ್ಕನೆಂದು ತಿಳಿದು, "ಪುಟ್ಟ ಇನ್ನೂ ಸ್ಕೂಲಿಂದ ಬಂದಿಲ್ಲ ಕಣೇ, ಕತ್ತಲಾಗ್ತಿದೆ" ಎಂದು ಚಡಪಡಿಸುತ್ತಿದ್ದಳು. ಗಾಡಿ ಹೋದ ಎಂಟನೇ ತಿಂಗಳಿನಲ್ಲಿ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು.

ತಮ್ಮ ಬಂದ. ಶಾಲೆಯ ಬಸ್ಸಿನ ಖಾಕಿ ಅಂಗಿಯಲ್ಲೇ ಬಂದಿದ್ದ. ಯಾರೊಡನೆಯೂ ಮಾತಾಡದೆ, ಹೆಗಲು ಕೊಡುವಾಗ ಕೊಟ್ಟು, ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ಚಪ್ಪಲಿ ಹುಡುಕುತ್ತಿದ್ದ. ಅವಳು ಅವನ ಹತ್ತಿರ ಹೋದಳು. ಅಳುವೋ ಸಿಟ್ಟೋ ಅವಳಿಗೇ ತಿಳಿಯದಂಥ ದನಿಯಲ್ಲಿ, "ಅಮ್ಮ ಹೋದ್ಲು. ಇವತ್ತಾದ್ರೂ ನಿಜ ಹೇಳ್ತೀಯಾ?" ಎಂದಳು.

ಅವನು ತಲೆ ಎತ್ತಿ ಅವಳನ್ನು ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ನಡೆದುಹೋದ.

ಅದಾಗಿ ತಿಂಗಳೊಪ್ಪತ್ತಿನಲ್ಲಿ ಠಾಣೆಯಿಂದ ಫೋನು ಬಂತು. ಟ್ರೇಲರ್ ಸಿಕ್ಕಿದೆ, ಬಂದು ಗುರುತು ಹಿಡಿಯಬೇಕು ಎಂದರು.

ಊರಾಚೆಯ ಗುಜರಿ ಅಂಗಡಿಯಿಂದ ಎಳೆತಂದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದರು. ಚಕ್ರಗಳಿಲ್ಲ, ಒಳಗೆ ಕಪಾಟಿಲ್ಲ. ಬಣ್ಣ ಕಿತ್ತುಹೋಗಿ ಹಳೆಯ ಐಸ್‌ಕ್ರೀಂ ಚಿತ್ರ ಢಾಳಾಗಿ ಕಾಣುತ್ತಿತ್ತು. ಕದ್ದವರಿಬ್ಬರಲ್ಲಿ ಒಬ್ಬ ಸಿಕ್ಕಿಬಿದ್ದಿದ್ದ. ಮೂವತ್ತರ ಆಸುಪಾಸಿನ, ಸಂಕೋಚದ ಮುಖದ ಮನುಷ್ಯ. ಇನ್ಸ್‌ಪೆಕ್ಟರ್ ಅವಳನ್ನು ಅವನೆದುರು ಕೂರಿಸಿದರು.

"ಬೀಗ ಹಾಕೋದು ಮರೆತಿದ್ದೆ ಅಂತ ಬರೆಸಿದ್ರಲ್ಲಮ್ಮ? ಇವನು ಬೇರೇನೋ ಹೇಳ್ತಿದಾನೆ. ಏಯ್, ಹೇಳೋ ಇವರಿಗೆ."

"ನಾವು ಯಾವ ಬೀಗನೂ ಒಡೆದಿಲ್ಲ ಅಕ್ಕ" ಎಂದ ಅವನು. "ಒಡೆಯೋಕೆ ಆಗ್ತಾನೂ ಇರ್ಲಿಲ್ಲ, ಅಷ್ಟು ಬಿಗಿ ಮಾಡಿದ್ರಿ. ನಾಲ್ಕೈದು ದಿನ ನೋಡಿದ್ವಿ. ಆಮೇಲೆ ಮುಂದಿನ ಬಾಗಿಲಿಗೇ ಹೋದ್ವಿ. ಅಜ್ಜಿ ಇದ್ರು. 'ನಿಮ್ಮ ಮಗ ಕಳಿಸಿದಾರೆ, ಗಾಡಿ ಚಕ್ರ ಬದಲಾಯಿಸಬೇಕಂತೆ' ಅಂದ್ವಿ. ಅಜ್ಜಿನೇ ಒಳಗೆ ಹೋಗಿ ಕೀ ತಂದುಕೊಟ್ರು. ಬಿಸಿಲಲ್ಲಿ ಬಂದಿದೀರ ಅಂತ ಕುಡಿಯೋಕೆ ನೀರೂ ಕೊಟ್ರು. ಗಾಡಿ ಮುಂದಕ್ಕೆ ಎಳೆದು ಹಿಂಬಾಗಿಲ ಬೀಗನೂ ತೆಗೆದ್ಮೇಲೆ, ಕೀ ವಾಪಸ್ ಕೊಟ್ಟೇ ಹೋದ್ವಿ."

ಅವಳು ಕೇಳಬೇಕಾದದ್ದು ಬೇರೆ ಏನೂ ತೋಚದೆ, "ಒಳಗಿದ್ದ ಕಾಲುಗಳನ್ನ ಏನು ಮಾಡಿದ್ರಿ?" ಎಂದಳು.

"ಬಾಗಿಲು ತೆಗೆದಾಗ ಜೀವ ಬಾಯಿಗೆ ಬಂತು ಅಕ್ಕ. ಒಳಗೆ ಏನಿದೆ ಅಂತ ನಮಗೇನು ಗೊತ್ತಿತ್ತು? ಹೊಳೆಗೆ ಹಾಕಿದ್ವಿ."

ಠಾಣೆಯಿಂದ ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ಶಾಲೆಯ ಬಸ್ ಶೆಡ್ಡಿಗೆ ಹೋದಳು. ಮಧ್ಯಾಹ್ನದ ಹೊತ್ತು. ಆರು ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ತಮ್ಮ ಕೆಳಗೆ ಕೂತು ಮಗುವೊಂದರ ಹರಿದ ಶಾಲೆಚೀಲದ ಪಟ್ಟಿಯನ್ನು ದಬ್ಬಳದಲ್ಲಿ ಹೊಲಿಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಬನ್ನಿ" ಎಂದ. "ಕೂತ್ಕೊಳ್ಳಿ."

ಅವಳು ಹಿಂದೆ ತಿರುಗಿ ನೋಡಿದಳು. ತನ್ನ ಬೆನ್ನ ಹಿಂದೆ ಯಾರೋ ದೊಡ್ಡವರು ಬಂದಿರಬೇಕು ಎಂದುಕೊಂಡಳು. ಯಾರೂ ಇರಲಿಲ್ಲ. ಹುಟ್ಟಿದಾಗಿನಿಂದ ಅವನು ಅವಳನ್ನು ನೀನು ಎಂದೇ ಮಾತಾಡಿಸಿದವನು.

ಕೋಣೆಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಅವಳು ಕೂತಳು. "ಗಾಡಿ ಸಿಕ್ತು" ಎಂದಳು.

"ಹೌದಂತೆ. ಗ್ಯಾರೇಜಿನವನು ಹೇಳಿದ."

"ಅವರಿಗೆ ಕೀ ಕೊಟ್ಟಿದ್ದು ಅಮ್ಮ ಅಂತೆ."

"ಗೊತ್ತು."

"ಗೊತ್ತಾ? ಯಾವತ್ತಿಂದ?"

"ಅವತ್ತು ಸಾಯಂಕಾಲದಿಂದ. ನೀವು ಪೊಲೀಸ್ ಸ್ಟೇಷನ್ನಿಗೆ ಹೋಗಿದ್ರಿ. ಅಮ್ಮ ನನಗೆ ಊಟಕ್ಕೆ ಹಾಕ್ತಾ, 'ಚಕ್ರ ಹಾಕಿಸಿದ್ಯೇನೋ? ನೀನು ಕಳಿಸಿದ ಹುಡುಗರು ಒಳ್ಳೆಯವರು, ಲೋಟ ತೊಳೆದಿಟ್ಟು ಹೋದ್ರು' ಅಂದ್ಲು. ಬೆಳಗ್ಗೆ ಮತ್ತೆ ಕೇಳಿದೆ. ಅವಳಿಗೆ ಏನೂ ನೆನಪಿರ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಪುಟ್ಟ?"

ಅವನು ದಬ್ಬಳವನ್ನು ದಾರದುಂಡೆಗೆ ಚುಚ್ಚಿಟ್ಟ. "ಅವತ್ತು ನೀವು ಮೊದಲು ಕೇಳಿದ್ದೇನು ಗೊತ್ತಾ? ಎಲ್ಲಿಗೆ ಸಾಗಿಸಿದೆ ಅಂತ. ಪುಟ್ಟ, ನೀನಾ ಅಂತ ಕೇಳಿದ್ರೂ ಆಗ್ತಿತ್ತು. ಅದನ್ನೂ ಕೇಳ್ಲಿಲ್ಲ. ಆಮೇಲೆ ಎಷ್ಟೋ ಸಲ ಹೇಳ್ಬಿಡೋಣ ಅಂತ ಮನೆವರೆಗೂ ಬಂದೆ. ಹೇಳಿದ್ರೆ ಅಮ್ಮನ್ನ ದಿನಾ ಕೇಳ್ತೀರಿ, ಯಾಕೆ ಕೊಟ್ಟೆ, ಯಾರಿಗೆ ಕೊಟ್ಟೆ ಅಂತ. ಅವಳಿಗೆ ನೆನಪಿರಲ್ಲ, ದಿನಾ ಹೊಸದಾಗಿ ಗಾಬರಿ ಆಗ್ತಾಳೆ. ಒಬ್ಬಳೇ ಬಿಟ್ಟುಹೋಗೋಕೆ ಭಯ ಆಗಿ ಅವಳನ್ನ ಒಳಗೆ ಹಾಕಿ ಬೀಗ ಹಾಕ್ತೀರಿ ಅಂತ ಹೆದರಿಕೆ ಆಯ್ತು." ಹೊಲಿದ ಪಟ್ಟಿಯನ್ನು ಎಳೆದು ನೋಡುತ್ತ ಅವನು ಹೇಳಿದ: "ಹೇಳದೇ ಇದ್ರೂ ಹಾಕಿದ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ತಪ್ಪಾಯ್ತು ಕಣೋ."

"ಆಯ್ತು ಬಿಡಿ. ಆಗಿದ್ದು ಆಯ್ತು."

"ಬಿಡಿ ಗಿಡಿ ಅನ್ನಬೇಡ್ವೋ. ಬೈದುಬಿಡು ನನ್ನ. ಬೇಕಾದ್ರೆ ಎರಡು ಹೊಡಿ. ಹಿಂಗೆ ಪರಕೀಯರ ಥರ ಮಾತಾಡಬೇಡ."

"ಬೇಕು ಅಂತ ಮಾಡ್ತಿಲ್ಲ ಅಕ್ಕ" ಎಂದ ಅವನು. "ಹಿಂದಿನ ಥರ ಮಾತಾಡೋಣ ಅಂತ ಹೋದ್ರೆ ಬಾಯಿಗೆ ಬರ್ತಿಲ್ಲ."

ಹೊರಗೆ ಯಾರೋ ಬಸ್ಸಿಗೆ ನೀರು ಹೊಡೆಯುತ್ತಿದ್ದರು. ಆ ಸದ್ದು ನಿಂತ ಮೇಲೆ ಅವನು ಗೋಡೆ ನೋಡುತ್ತ ಕೇಳಿದ: "ಅಮ್ಮ ಕೊನೇಲಿ ಏನಾದ್ರೂ ಹೇಳಿದ್ಲಾ?"

ಏನೂ ಇಲ್ಲ ಎಂದುಬಿಡಬಹುದಿತ್ತು. ಆದರೆ ಇನ್ನು ಅವನಿಂದ ಏನನ್ನೂ ಮುಚ್ಚಿಡುವುದು ಅವಳಿಂದಾಗಲಿಲ್ಲ. "ಕಿಟಕಿ ಕಡೆ ತಿರುಗಿಸಿ ಮಲಗಿಸು ಅಂದ್ಲು. ಮಲಗಿಸಿದೆ. ಹನ್ನೊಂದು ಗಂಟೆ ಆಯ್ತಾ, ಹನ್ನೊಂದು ಗಂಟೆ ಆಯ್ತಾ ಅಂತ ಕೇಳ್ತಿದ್ಲು."

ಅವನು ಎದ್ದು ಮೂಲೆಗೆ ಹೋಗಿ, ಹಣೆಯನ್ನು ಗೋಡೆಗೆ ಒತ್ತಿಕೊಂಡು ಅತ್ತ. ದೊಡ್ಡ ಮನುಷ್ಯ ಅಳುವುದನ್ನು ನೋಡಲಾಗದೆ ಅವಳು ಎದ್ದು ಹತ್ತಿರ ಹೋದಳು. ಅವನ ಬೆನ್ನು ಅವಳ ಕೈಗೆ ಎಟಕುವಷ್ಟು ಹತ್ತಿರವಿತ್ತು. ಆ ಬೆನ್ನನ್ನು ಮುಟ್ಟುವ ಹಕ್ಕು ತನಗಿನ್ನೂ ಉಳಿದಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನು ಅತ್ತು ಮುಗಿಸಿ ಮುಖ ಒರೆಸಿಕೊಳ್ಳುವವರೆಗೂ ಹಾಗೆಯೇ ನಿಂತಿದ್ದಳು.

"ಆಸ್ಪತ್ರೆಯವರು ಬೇರೆ ಗಾಡಿ ಕೊಡಿಸ್ತೀವಿ ಅಂತಿದಾರೆ" ಎಂದಳು ಕೊನೆಗೆ. "ಓಡಿಸೋಕೆ ಬರ್ತೀಯಾ?"

"ಇಲ್ಲ ಅಕ್ಕ. ಈ ಮಕ್ಕಳಿಗೆ ನಾನು ಅಭ್ಯಾಸ ಆ‌ಗಿದೀನಿ" ಎಂದು ಅವನು ಹೊಲಿಯುತ್ತಿದ್ದ ಚೀಲವನ್ನು ಎತ್ತಿ ಗೂಟಕ್ಕೆ ಹಾಕಿದ. "ಮೂರು ಗಂಟೆಗೆ ಬಸ್ಸು ತೆಗೀಬೇಕು. ನಿಮ್ಮನ್ನ ನಿಲ್ದಾಣದವರೆಗೂ ಬಿಟ್ಟು ಬರ್ತೀನಿ, ಬನ್ನಿ."

ಹೊಸ ಗಾಡಿ ಬಂತು. ಅದಕ್ಕೆ ಬೇರೆ ಡ್ರೈವರ್ ಇದ್ದಾನೆ, ಕೆಲಸದಲ್ಲಿ ಚುರುಕು. ದರ್ಜಿ ತನ್ನ ಕಾಲಿನಲ್ಲಿ ಯಂತ್ರ ತುಳಿಯುತ್ತಿದ್ದಾನೆ. ಅವಳು ಮನೆಯ ಮುಂಬಾಗಿಲಿನ ಹೊಸ ಬೀಗವನ್ನು ತೆಗೆಸಿಬಿಟ್ಟಳು. ಒಳಗೆ ಕಾಯಬೇಕಾದವರು ಈಗ ಯಾರೂ ಇಲ್ಲ. ತಿಂಗಳಿಗೊಮ್ಮೆ ತಮ್ಮನ ಕೋಣೆಗೆ ಹೋಗಿ ಒಂದು ಗಂಟೆ ಕೂತು ಬರುತ್ತಾಳೆ. ಅವನು ಚಹಾ ಮಾಡಿಕೊಡುತ್ತಾನೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮಗುವಿನ ವಿಷಯ, ಅವಳ ಮಂಡಿನೋವಿನ ವಿಷಯ, ಮಳೆ ಬಿಸಿಲಿನ ವಿಷಯ ಮಾತಾಡುತ್ತಾರೆ. ಆಮೇಲೆ ಅವನು ಗಡಿಯಾರ ನೋಡುತ್ತಾನೆ. ಅವಳು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾಳೆ.